ಒತ್ತಿಗೆ ಜಾಗ ಬಿಡಿ: ಬೋರ್ಡು ಬರೆಯುವವನು ವೆಬ್‌ಸೈಟ್ ಕಟ್ಟಿದ ಬಗೆ

ಗದಗ-ಬೆಟಗೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅಂಗಡಿ ಬೋರ್ಡು ಬರೆಯುತ್ತಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಹೋಯಿತು. ಖಾಲಿ ಹೊತ್ತಿನಲ್ಲಿ ಹಳೆಯ ಬೋರ್ಡುಗಳ ಫೋಟೊ ತೆಗೆಯುವುದು, ಕಾಗದದ ಮೇಲೆ ಹೊಸ ಅಕ್ಷರ ಬಿಡಿಸುವುದು ಚಟವಾಯಿತು. ಇವನ್ನೆಲ್ಲ ಒಂದು ಕಡೆ ಇಡೋಣವೆಂದು ವೆಬ್‌ಸೈಟ್ ಮಾಡಿಸಲು ಹೋದೆ. ಮಾಡಿಕೊಡುವವರು ಎಂಟು ಸಾವಿರ ತೆಗೆದುಕೊಂಡು, ಸೂಟು ಹಾಕಿದ ಪರದೇಶಿಗಳು ಕೈ ಕುಲುಕುವ ಚಿತ್ರದ ಕೆಳಗೆ ನನ್ನ ಹೆಸರು ಅಂಟಿಸಿ ಕೊಟ್ಟರು. ಮರುವರ್ಷ ಅದೂ ತೆರೆಯಲಿಲ್ಲ. ಆಮೇಲೆ ನಾನೇ ಕಟ್ಟಿದೆ. ಆರು ಭಾನುವಾರ ಹಿಡಿಯಿತು. ಮೊದಲ ಭಾನುವಾರ ಡಿಪ್ಲೊಮಾ ಓದುವ ಸೋದರಳಿಯ ಪಕ್ಕದಲ್ಲಿ ಕೂತಿದ್ದ. ಉಳಿದ ಐದೂ ನಾನೊಬ್ಬನೇ.

ಕಂಪ್ಯೂಟರ್ ಆಮೇಲೆ ಮುಟ್ಟಿ, ಮೊದಲು ನೋಟ್‌ಬುಕ್ ಹಿಡಿಯಿರಿ. ನನ್ನ ಹತ್ತಿರ ನಾನೂರು ಫೋಟೊ ಇದ್ದವು, ಹನ್ನೆರಡು ಆರಿಸಿದೆ. ಆರಿಸುವುದೇ ಒಂದು ಭಾನುವಾರದ ಕೆಲಸ, ಮತ್ತು ಜಗಳದ ಕೆಲಸ. ಹೆಂಡತಿಗೆ ಚಂದ ಕಂಡದ್ದು ನನಗೆ ಕಾಣಲಿಲ್ಲ. ಆರಿಸಿದ ಪ್ರತಿಯೊಂದಕ್ಕೂ ನಾಲ್ಕೈದು ಸಾಲು ಬರೆಯಿರಿ: ಯಾವುದರ ಮೇಲೆ ಮಾಡಿದ್ದು, ಯಾರು ಕೇಳಿದ್ದು, ಎಲ್ಲಿ ತೊಡಕಾಯಿತು. ಒಂದು ಕಿರಾಣಿ ಅಂಗಡಿಯ ಬೋರ್ಡಿಗೆ ನಾನು ಬರೆದದ್ದು ಹೀಗೆ:

"ತಗಡು, ಆರಡಿ ಉದ್ದ, ಎರಡಡಿ ಎತ್ತರ. ಹಳದಿ ಎನಾಮೆಲ್ ಮೇಲೆ ಕೆಂಪು ಅಕ್ಷರ, ಕರಿ ನೆರಳು. 'ಬಸ್ಸಿನ್ಯಾಗ ಕುಂತವ್ರಿಗೂ ಕಾಣಬೇಕು ನೋಡಪಾ' ಅಂದಿದ್ದರು ಮಾಲೀಕರು. ಕಿಟಕಿಯಿಂದ ಓದಲಿ ಎಂದು ಅಕ್ಷರ ದಪ್ಪ ಮಾಡಿದೆ. 'ಣ'ದ ಒಳಗಿನ ಸಂದು ಮುಚ್ಚಿಹೋಯಿತು. ಮೂರನೆಯ ಸಲ ಅಳಿಸಿ ಬರೆದಾಗ ಸರಿಯಾಯಿತು."

ಇಂಥ ಸಾಲುಗಳು ಇಲ್ಲದಿದ್ದರೆ ನಿಮ್ಮ ಸೈಟು ಬರೀ ಆಲ್ಬಂ. ಹೊಲಿಗೆ, ಮಣ್ಣಿನ ಕೆಲಸ, ಕತೆ, ನಾಟಕ, ಏನೇ ಇರಲಿ, ನೋಡುವವರು ನಿಲ್ಲುವುದು ಆ ತೊಡಕಿನ ಹತ್ತಿರವೇ.

ಈಗ ಕಂಪ್ಯೂಟರ್. ನೋಟ್‌ಪ್ಯಾಡ್ ಸಾಕು. ಪುಟಕ್ಕೆ ಬೇಕಾದದ್ದು ಎಚ್‌ಟಿಎಂಎಲ್, ಅಂದರೆ ಕೋನದ ಕಂಸಗಳ ನಡುವೆ ಬರೆಯುವ ಗುರುತುಗಳು: ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ, ಇದು ಕೊಂಡಿ. ಇಂಥ ಹತ್ತು ಹನ್ನೆರಡು ಟ್ಯಾಗು ಗೊತ್ತಿದ್ದರೆ ನಿಮ್ಮ ಮೊದಲ ಸೈಟು ಮುಗಿಯಿತು. ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಮಾಡಿ 1991ರ ಆಗಸ್ಟ್‌ನಲ್ಲಿ ಜಗತ್ತಿಗೆ ತೋರಿಸಿದ ಮೊದಲ ವೆಬ್‌ಸೈಟು ಇಂಥ ಸಾದಾ ಟ್ಯಾಗುಗಳದ್ದೇ, ಅದರ ಪ್ರತಿ ಈಗಲೂ ತೆರೆಯುತ್ತದೆ. ನನ್ನ ಎಂಟು ಸಾವಿರದ್ದು ಒಂದೇ ವರ್ಷಕ್ಕೆ ಮಕಾಡೆ ಮಲಗಿತ್ತು.

ಮೊದಲ ಫೈಲಿಗೆ 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' ಎಂದೇ ಹೆಸರಿಡಿ. ವಿಳಾಸ ಒತ್ತಿದಾಗ ಸರ್ವರ್, ಅಂದರೆ ಸೈಟನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್, ಮೊದಲು ಹುಡುಕುವುದು ಅದನ್ನು. ಸೇವ್ ಮಾಡುವಾಗ ಫೈಲಿನ ಬಗೆ 'ಆಲ್ ಫೈಲ್ಸ್' ಎಂದಿರಬೇಕು. ಇಲ್ಲದಿದ್ದರೆ ನೋಟ್‌ಪ್ಯಾಡು ಹೆಸರಿನ ಬಾಲಕ್ಕೆ ಸದ್ದಿಲ್ಲದೆ 'ಟಿಎಕ್ಸ್‌ಟಿ' ಸೇರಿಸುತ್ತದೆ, ನೀವು ಸಂಜೆತನಕ ತಲೆ ಕೆರೆದುಕೊಳ್ಳುತ್ತೀರಿ. ನಾನು ಕೆರೆದುಕೊಂಡಿದ್ದೇನೆ.

ಕನ್ನಡದ ಪುಟವಾದ್ದರಿಂದ ಫೈಲಿನ ತಲೆಭಾಗದಲ್ಲಿ ಮೂರು ಸಂಗತಿ ಹೇಳಲೇಬೇಕು. ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಅಂಕಿಗಳಾಗಿ ಬರೆದಿಡುವ ಬಗೆ) ಯುಟಿಎಫ್-8, ಭಾಷೆ ಕನ್ನಡ ಎನ್ನುವ 'ಕೆಎನ್', ಮತ್ತು ಫೋನಿನ ಅಗಲಕ್ಕೆ ಪುಟ ಹೊಂದಲಿ ಎನ್ನುವ ವ್ಯೂಪೋರ್ಟ್ ಸಾಲು. ಮೂರನೆಯದನ್ನು ಮರೆತರೆ ಫೋನಿನಲ್ಲಿ ಅಕ್ಷರ ಸಾಸಿವೆ ಕಾಳಾಗುತ್ತವೆ.

ನನ್ನ ಹಳೆಯ ಬರಹವೆಲ್ಲ ಡಿಟಿಪಿ ಅಂಗಡಿಯಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿತ್ತು. ಅದನ್ನು ಹಾಗೇ ತಂದು ಅಂಟಿಸಿದರೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದು ಇಂಗ್ಲಿಷಿನ ಜಾಗದಲ್ಲಿ, ಫಾಂಟು ತೆಗೆದರೆ ಕನ್ನಡವೂ ಹೋಯಿತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದ್ದೇ ಮನೆ ಇದೆ, ಅದೂ 1991ರ ಮೊದಲ ಆವೃತ್ತಿಯಿಂದ. ಪುಕ್ಕಟೆ ಪರಿವರ್ತಕಗಳು ಸಿಗುತ್ತವೆ, ಹಾಕಿ ಬದಲಿಸಿಕೊಳ್ಳಿ. ಆದರೆ ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಿಟ್ಟು ಓದಿ. ನನ್ನ 'ಮಾರ್ಕೆಟ್' ನಾಲ್ಕು ಕಡೆ ಕೆಟ್ಟಿತ್ತು.

ಇನ್ನು ನನ್ನ ಕಸುಬಿನ ಮಾತು. ಬೋರ್ಡಿನ ಮೇಲೆ 'ವಸ್ತ್ರ ಭಂಡಾರ' ಬರೆಯುವಾಗ ಸುಣ್ಣದ ದಾರ ಹೊಡೆದು ಎರಡು ಗೆರೆ ಹಾಕುತ್ತೇವೆ. ಹೊಸ ಹುಡುಗ ಕೆಳಗಿನ ಗೆರೆಗೆ ತಾಗಿಸಿಯೇ ಎರಡನೆಯ ಸಾಲು ಶುರು ಮಾಡುತ್ತಾನೆ. 'ಸ್ತ್ರ'ದಲ್ಲಿ ಸಕಾರದ ಕೆಳಗೆ ತಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು. ಎರಡೂ ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಅದಕ್ಕೇ ಗೆರೆಯ ಕೆಳಗೆ ಅರ್ಧ ಅಕ್ಷರದಷ್ಟು ಜಾಗ ಬಿಡಬೇಕು. ವೆಬ್ ಪುಟದಲ್ಲೂ ಇದೇ ಕತೆ. ಇಂಗ್ಲಿಷಿಗೆಂದು ಮಾಡಿದ ಅಚ್ಚುಗಳಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಪುಟದ ಅಲಂಕಾರ ಹೇಳುವ ಸಿಎಸ್‌ಎಸ್ ಫೈಲಿನಲ್ಲಿ 'ಲೈನ್-ಹೈಟ್' ಅನ್ನು 1.7ಕ್ಕೆ ಏರಿಸಿ, ಅಕ್ಷರದ ಅಳತೆ 18 ಪಿಕ್ಸೆಲ್ ಇಡಿ. ಅಕ್ಷರಗಳ ನಡುವೆ ಹೆಚ್ಚಿನ ಅಂತರ ಕೊಡುವ ಇಂಗ್ಲಿಷಿನ ಶೋಕಿ ನಮಗೆ ಬೇಡ, ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಇದೆ, ದಪ್ಪ ಶೀರ್ಷಿಕೆಗೆ ಬಲೂ ತಮ್ಮ ಇದೆ, ಎರಡೂ ಪುಕ್ಕಟೆ. ನಾನು ಶೀರ್ಷಿಕೆಯನ್ನು ಬ್ರಶ್ಶಿನಲ್ಲೇ ಬರೆದು ಚಿತ್ರವಾಗಿ ಹಾಕಿದೆ. ಹಾಗೆ ಮಾಡಿದರೆ ಆ ಚಿತ್ರದ 'ಆಲ್ಟ್' ಜಾಗದಲ್ಲಿ ಅದೇ ಮಾತನ್ನು ಟೈಪ್ ಮಾಡಿ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಅದನ್ನೇ.

ಫೋಟೊ ಹಾಗೇ ಏರಿಸಬೇಡಿ. ಫೋನಿನ ಒಂದೊಂದು ಫೋಟೊ ನಾಲ್ಕೈದು ಎಂಬಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿದರೆ 200 ಕೆಬಿ ಆಸುಪಾಸಿಗೆ ಬರುತ್ತದೆ, ನೋಡುವ ಕಣ್ಣಿಗೆ ವ್ಯತ್ಯಾಸವಿಲ್ಲ. ಮನೆಯಲ್ಲಿ ತೆಗೆದ ಫೋಟೊ ಆದರೆ ಅದರೊಳಗೆ ಅಡಗಿರುವ ಜಾಗದ ಗುರುತನ್ನು ಮೊದಲೇ ಅಳಿಸಿ.

ಕಟ್ಟಿದ ಪುಟಗಳನ್ನು ಎಲ್ಲರೂ ನೋಡುವಂತೆ ಇಂಟರ್ನೆಟ್ಟಿನಲ್ಲಿ ಇಡುವುದೆಲ್ಲಿ? ಗಿಟ್‌ಹಬ್ ಪೇಜಸ್ ಪುಕ್ಕಟೆ, ನಾನು ಅಲ್ಲೇ ಇಟ್ಟಿದ್ದೇನೆ. ನಿಯೋಸಿಟೀಸ್ ಇನ್ನೂ ಸರಳ. ಏರಿಸಿದ ದಿನ ನನ್ನ ಐದು ಚಿತ್ರ ಕಾಣಲೇ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ಕಾಣುತ್ತಿದ್ದವು! ಸೋದರಳಿಯನಿಗೆ ಫೋನ್ ಮಾಡಿದೆ. "ಮಾಮಾ, ಫೈಲ್ ಹೆಸರಿನ್ಯಾಗ ಜೆಪಿಜಿ ದೊಡ್ಡಕ್ಷರ ಐತೇನು ಸಣ್ಣಕ್ಷರ ಐತೇನು ನೋಡ್ರಿ" ಅಂದ. ಅದೇ ಆಗಿತ್ತು. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಅಲ್ಲಿಯ ಸರ್ವರ್ ಬೇರೆ ಬೇರೆ ಎನ್ನುತ್ತದೆ. ಅಂದಿನಿಂದ ಎಲ್ಲ ಫೈಲಿಗೂ ಸಣ್ಣ ಇಂಗ್ಲಿಷ್ ಅಕ್ಷರದ ಹೆಸರು, ನಡುವೆ ಜಾಗವಿಲ್ಲ.

ಸ್ವಂತ ವಿಳಾಸ ಬೇಕಾದರೆ ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಬೇಕು. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ನವೀಕರಣದ ದರ ಕೇಳಿ. ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲೇ ಇರಲಿ; ನನ್ನ ಮೊದಲ ಸೈಟು ಹೋದದ್ದು ಅದು ಇಲ್ಲದ್ದಕ್ಕೆ. 'ಡಾಟ್ ಭಾರತ' ಎಂದು ಕನ್ನಡದಲ್ಲೇ ವಿಳಾಸ ಸಿಗುತ್ತದೆ. ಆಸೆಯಾಯಿತು, ಆದರೆ ಕೆಲವು ಕಡೆ ಕಳಿಸಿದಾಗ ಅದು ಎಕ್ಸ್ ಎನ್ ಎಂದು ಶುರುವಾಗುವ ಗಜಿಬಿಜಿಯಾಗಿ ಕಾಣುತ್ತದೆ. 'ಡಾಟ್ ಇನ್' ತೆಗೆದುಕೊಂಡೆ.

ಮುಗಿದ ಮೇಲೆ ಹಳೆಯ ಫೋನಿರುವವರಿಗೆ ಕೊಟ್ಟು, ಬಿಸಿಲಲ್ಲಿ ನಿಂತು ಓದಿಸಿ. ನಾನು ಆ ಕಿರಾಣಿ ಅಂಗಡಿಗೇ ಹೋಗಿ ಮಾಲೀಕರ ಹೆಂಡತಿಯ ಕೈಗೆ ಕೊಟ್ಟೆ. ಅವರು ತಮ್ಮ ಅಂಗಡಿಯ ಬೋರ್ಡನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಚಲೋ ಬಂದೈತಿ. ಆದ್ರ ತಮ್ಮಾ, ಬೋರ್ಡಿನ ಮ್ಯಾಲಿನ ಫೋನ್ ನಂಬರ್ ಹಳೇದೈತಲ್ಲ?" ಮರುದಿನ ಏಣಿ, ಬ್ರಶ್ಶು, ಕೆಂಪು ಡಬ್ಬಿ ತೆಗೆದುಕೊಂಡು ಹೋದೆ.