ಅಡುಗೆಮನೆ ಗೋಡೆಗೆ ನೀವೇ ಟೈಲ್ಸ್ ಹಾಕಿ, ಬಾತ್‌ರೂಮ್ ಸದ್ಯಕ್ಕೆ ಬೇಡ

ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಅಡುಗೆಮನೆಯಲ್ಲಿ, ಕಿಟಕಿ ಪಕ್ಕದ ಮೂಲೆಗೆ ಒಂದು ಉಪ್ಪಿನಕಾಯಿ ಜಾಡಿ ಇದೆ. ಅದನ್ನು ಯಾರೂ ಸರಿಸುವುದಿಲ್ಲ. ಅದರ ಹಿಂದಿನ ಟೈಲ್ ತುಂಡು ಕೆಳಗೆ ಅರ್ಧ ಇಂಚು, ಮೇಲೆ ಒಂದು ಇಂಚು ಅಗಲ. ನಾನು ಹಾಕಿದ ಮೊದಲ ಗೋಡೆ ಅದು. ಎಡಮೂಲೆಯಿಂದ ಶುರು ಮಾಡಿ ಸುಮ್ನೆ ಬಲಕ್ಕೆ ಹೋಗುತ್ತಾ ಇದ್ದೆ, ಎಲ್ಲ ಚೆನ್ನಾಗಿಯೇ ಇತ್ತು, ಕೊನೆಗೆ ಬಂದಾಗ ಗೊತ್ತಾಯಿತು ಮೂಲೆ ನೆಟ್ಟಗಿಲ್ಲ ಅಂತ. ಯಾರ ಮನೆಯದೂ ಪೂರ್ತಿ ನೆಟ್ಟಗಿರುವುದಿಲ್ಲ ಬಿಡಿ.

ಟೈಲ್ ಅಂಟಿಸುವುದು ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಲೆನೋವು. ಆದ್ದರಿಂದ ಮೊದಲ ಸಲಕ್ಕೆ ಅಡುಗೆ ಕಟ್ಟೆಯ ಮೇಲಿನ ಎರಡಡಿ ಗೋಡೆ ಆರಿಸಿಕೊಳ್ಳಿ. ಜಾಗ ಚಿಕ್ಕದು, ನೀರು ನಿಲ್ಲುವುದಿಲ್ಲ, ಕೆಳಗೆ ಕಟ್ಟೆಯ ಆಸರೆ ಇರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಗೋಡೆ ಅಳೆಯಿರಿ. ಎಂಟಡಿ ಉದ್ದ, ಎರಡಡಿ ಎತ್ತರ ಅಂದರೆ 16 ಚದರ ಅಡಿ. ಕತ್ತರಿಸುವಾಗ ಒಡೆಯುವುದಕ್ಕೆ ಅಂತ ನೂರಕ್ಕೆ ಹತ್ತು ಜಾಸ್ತಿ ತನ್ನಿ, ಮೊದಲ ಸಲ ಆದರೆ ಹದಿನೈದು. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ಇದೆಯಾ ನೋಡಿ. ನಮ್ಮಲ್ಲಿ ಸಿಗುವ ಟೈಲ್ಸ್‌ನಲ್ಲಿ ಹೆಚ್ಚಿನವು ಗುಜರಾತಿನ ಮೊರ್ಬಿಯಿಂದ ಬರುತ್ತವೆ, ಬ್ಯಾಚ್ ಬದಲಾದರೆ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ. ಅಂಗಡಿ ಬೆಳಕಲ್ಲಿ ಅದು ಕಾಣುವುದಿಲ್ಲ. ಗೋಡೆಗೆ ಹಾಕಿ, ಬೆಳಗಿನ ಬಿಸಿಲು ಬಿದ್ದ ಮೇಲೆ ಕಾಣುತ್ತದೆ!

ಈಗ ಲೆಕ್ಕ. 12 ಇಂಚು 18 ಇಂಚಿನ ಟೈಲ್ ಅನ್ನು ಅಡ್ಡಕ್ಕೆ ಹಾಕುತ್ತೀರಿ ಅಂದುಕೊಳ್ಳಿ. ಗೋಡೆ 96 ಇಂಚು. ಮೂಲೆಯಿಂದ ಶುರು ಮಾಡಿದರೆ ಐದು ಟೈಲ್ ಆಗಿ, ಕೊನೆಗೆ ಆರು ಇಂಚಿನ ತುಂಡು ಉಳಿಯುತ್ತದೆ. ಗೋಡೆಯ ನಟ್ಟನಡುವೆ ಒಂದು ಟೈಲ್ ಇಟ್ಟು ಎರಡೂ ಕಡೆ ಹೋದರೆ ಅಂಚಿಗೆ ಮೂರು ಮೂರು ಇಂಚು, ಇನ್ನೂ ಕೆಟ್ಟದಾಗಿ ಕಾಣುತ್ತದೆ. ಅದೇ ನಡುವಿನ ಗೆರೆಯ ಮೇಲೆ ಟೈಲ್ ಬದಲು ಸಂದಿ ಬರುವ ಹಾಗೆ ಮಾಡಿ, ಆ ಕಡೆ ಎರಡು ಈ ಕಡೆ ಎರಡು ಇಟ್ಟು ನೋಡಿ. ನಾಲ್ಕು ಟೈಲ್‌ಗೆ 72 ಇಂಚು ಹೋಯಿತು, ಎರಡೂ ಮೂಲೆಗೆ ಹನ್ನೆರಡು ಹನ್ನೆರಡು ಇಂಚಿನ ಒಳ್ಳೆಯ ತುಂಡು ಬರುತ್ತದೆ. ಮೂಲೆ ಸೊಟ್ಟ ಇದ್ದರೂ ಹನ್ನೆರಡು ಇಂಚಿನಲ್ಲಿ ಕಾಲಿಂಚು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ತುಂಡು ಅರ್ಧ ಇಂಚಿನದಾಗಿತ್ತು, ಅದಕ್ಕೇ ಜಾಡಿ ಬೇಕಾಯಿತು. ನಿಮ್ಮ ಅಳತೆ ಬೇರೆ ಇರುತ್ತದೆ, ಟೈಲ್ಸ್ ಅನ್ನು ಕಟ್ಟೆಯ ಮೇಲೆ ಒಣದಾಗಿ ಜೋಡಿಸಿ ನೋಡಿದರೆ ಸಾಕು.

ಕಟ್ಟೆಯ ಗ್ರಾನೈಟ್ ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವೆ ನಿಲ್ಲದಿದ್ದರೆ ಕಟ್ಟೆಯನ್ನು ನಂಬಿ ಸಾಲು ಎಳೆಯಬೇಡಿ. ಗೋಡೆಯ ಮೇಲೆ ಮಟ್ಟದ ಗೆರೆ ಹಾಕಿ, ತಗ್ಗಿರುವ ಕಡೆ ಟೈಲ್ ಕೆಳಗೆ ಪ್ಲಾಸ್ಟಿಕ್ ಬೆಣೆ ಕೊಟ್ಟು ಗೆರೆಗೆ ಸರಿಮಾಡಿ. ನಡುಗೆರೆಗೆ ತೂಗುಗುಂಡು ಬಿಡಿ.

ಗೋಡೆಗೆ ಬಣ್ಣ ಇದ್ದರೆ ಕೆರೆದು ತೆಗೆಯಲೇಬೇಕು, ಉಳಿ ಸುತ್ತಿಗೆಯಿಂದ ಅಲ್ಲಲ್ಲಿ ಕಚ್ಚು ಹಾಕಿ. ಬಣ್ಣದ ಮೇಲೆ ಅಂಟಿಸಿದರೆ ಟೈಲ್ ಹಿಡಿದುಕೊಳ್ಳುವುದು ಬಣ್ಣವನ್ನು, ಗೋಡೆಯನ್ನಲ್ಲ. ಎಣ್ಣೆ ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಹಳೆಯ ಗಾರೆ ಕೆಲಸದವರು ಸಿಮೆಂಟ್ ಹಾಲಿನಲ್ಲಿ ಹಾಕುತ್ತಾರೆ, ಅದಕ್ಕೆ ಕೈ ಪಳಗಿರಬೇಕು. ನಮಗೆ ಟೈಲ್ ಅಡ್ಹೆಸಿವ್ ಸುಲಭ. ಸಾಮಾನ್ಯ ಸೆರಾಮಿಕ್ ಟೈಲ್‌ಗೆ ಟೈಪ್ 1 ಸಾಕು. ನೀರು ಹೀರದ ವಿಟ್ರಿಫೈಡ್‌ಗೆ ಟೈಪ್ 2 ಕೇಳಿ. ಇಪ್ಪತ್ತು ಕೆಜಿ ಚೀಲಕ್ಕೆ ಸುಮಾರು ಐದು ಲೀಟರ್ ನೀರು, ಸರಿಯಾದ ಲೆಕ್ಕ ಚೀಲದ ಮೇಲೇ ಇರುತ್ತದೆ. ಒಂದೇ ಸಲ ಪೂರ್ತಿ ಕಲಸಬೇಡಿ. ಒಂದು ಲೀಟರ್ ನೀರು ಬಕೆಟ್‌ಗೆ ಮೊದಲು ಹಾಕಿ, ಆಮೇಲೆ ನಾಲ್ಕು ಕೆಜಿ ಪುಡಿ. ದೋಸೆ ಹಿಟ್ಟಿನ ಹಾಗೆ ಅಲ್ಲ, ವಡೆ ಹಿಟ್ಟಿನ ಹದ. ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಏಪ್ರಿಲ್‌ನಲ್ಲಿ ನಮ್ಮ ಊರಿನ ಬಿಸಿಲು ಗೊತ್ತಲ್ಲ, ನಡುವೆ ಮಂಡಕ್ಕಿ ಮಿರ್ಚಿ ತಿಂದು ಬರೋಣ ಅಂತ ಎದ್ದು ಹೋದರೆ ಬಕೆಟ್‌ನಲ್ಲಿ ಕಲ್ಲು ಕೂತಿರುತ್ತದೆ. ಗಟ್ಟಿಯಾದ ಮೇಲೆ ನೀರು ಸುರಿದು ಮೆತ್ತಗೆ ಮಾಡಬೇಡಿ, ಎಸೆಯಿರಿ.

ಹಲ್ಲಿರುವ ಕರಣೆಯಿಂದ ಗೋಡೆಗೆ ಹಚ್ಚಿ, ಹಲ್ಲಿನ ಗೆರೆಗಳೆಲ್ಲ ಒಂದೇ ದಿಕ್ಕಿಗಿರಲಿ. ಒಂದು ಸಲಕ್ಕೆ ಎರಡು ಟೈಲ್‌ಗೆ ಆಗುವಷ್ಟು ಮಾತ್ರ. ಟೈಲ್ ಹಿಂಬದಿಯ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗೆರೆಗಳಿಗೆ ಅಡ್ಡವಾಗಿ ಸ್ವಲ್ಪ ಹಿಂದೆ ಮುಂದೆ ಆಡಿಸುತ್ತಾ ಒತ್ತಿ. ಗೆರೆಗಳು ಮಲಗಿ ಗಾಳಿ ಹೊರಗೆ ಹೋಗಬೇಕು. ಬೆಣ್ಣೆ ದೋಸೆ ಮೇಲೆ ಬೆಣ್ಣೆ ಇಟ್ಟ ಹಾಗೆ ಐದು ಕಡೆ ಮುದ್ದೆ ಇಟ್ಟು ಅಂಟಿಸುವವರನ್ನು ನೋಡಿದ್ದೇನೆ, ಅದು ಮಾತ್ರ ಬೇಡ. ಮುದ್ದೆಗಳ ನಡುವೆ ಪೊಳ್ಳು ಉಳಿದು, ಕುಕ್ಕರ್ ತಗುಲಿದ ದಿನ ಟೈಲ್ ಅಲ್ಲೇ ಬಿರುಕು ಬಿಡುತ್ತದೆ. ಮೊದಲನೆಯ ಟೈಲ್ ಅಂಟಿಸಿದ ಕೂಡಲೇ ಕಿತ್ತು ನೋಡಿ. ಹಿಂದೆ ಪೂರ್ತಿ ಮೆತ್ತಿಕೊಂಡಿದ್ದರೆ ಸರಿ, ಅರ್ಧ ಖಾಲಿ ಇದ್ದರೆ ಇನ್ನಷ್ಟು ಹಚ್ಚಬೇಕು. ಹಚ್ಚಿ ಬಿಟ್ಟದ್ದು ಬೆರಳಿಗೆ ಅಂಟದಿದ್ದರೆ ಕೆರೆದು ಹೊಸದು ಹಚ್ಚಿ. ಸಂದಿ ಒಂದೇ ಅಗಲ ಬರಲು ಟೈಲ್‌ಗಳ ನಡುವೆ 2 ಮಿಲಿಮೀಟರ್ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ತುಂಡು ಇಡಿ.

ಕತ್ತರಿಸಲು ಕೈ ಕಟರ್ ಬಾಡಿಗೆಗೆ ಸಿಕ್ಕರೆ ಅದೇ ಒಳ್ಳೆಯದು. ಒಂದೇ ಸಲ, ಒಂದೇ ಒತ್ತಡದಲ್ಲಿ ಗೀರಿ, ಆಮೇಲೆ ಒತ್ತಿ ಮುರಿಯಿರಿ. ಎರಡು ಸಲ ಗೀರಿದರೆ ಅಂಚು ಚೂರು ಚೂರಾಗುತ್ತದೆ. ಸ್ವಿಚ್ ಬೋರ್ಡಿನ ಜಾಗಕ್ಕೆ ಡೈಮಂಡ್ ಬ್ಲೇಡಿನ ಗ್ರೈಂಡರ್ ಬೇಕು. ಅದನ್ನು ಅಂಗಳದಲ್ಲಿ ಹಿಡಿಯಿರಿ, ಕನ್ನಡಕ ಹಾಕಿ, ಎನ್95 ಮಾಸ್ಕ್ ಹಾಕಿ, ಆ ದೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬೋರ್ಡಿನ ಸುತ್ತ ಕೆಲಸ ಮಾಡುವಾಗ ಮೇನ್ ಆಫ್ ಮಾಡಿ.

ಒಂದು ದಿನ ಪೂರ್ತಿ ಬಿಟ್ಟು ಮರುದಿನ ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿ ಕೇಳಿ. ಗಟ್ಟಿ ಸದ್ದು ಬಂದರೆ ಸರಿ. ಮಡಕೆ ತಟ್ಟಿದ ಹಾಗೆ ಟೊಳ್ಳು ಸದ್ದು ಬಂದದ್ದನ್ನು, ಸಂದಿಗಳಿಗೆ ಗ್ರೌಟ್ ತುಂಬುವ ಮುಂಚೆಯೇ ಕಿತ್ತು ಮತ್ತೆ ಅಂಟಿಸಿ.

ಗ್ರೌಟ್ ಅನ್ನು ರಬ್ಬರ್ ಪಟ್ಟಿಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಿ. ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ, ನೀರು ಜಾಸ್ತಿಯಾದರೆ ಬಣ್ಣ ತೇಪೆ ತೇಪೆಯಾಗುತ್ತದೆ. ಒಲೆಯ ಹಿಂದೆ ಅರಿಶಿನ, ಎಣ್ಣೆ ಸಿಡಿಯುವ ಕಡೆ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಸುಲಭಕ್ಕೆ ಕಲೆ ಹಿಡಿಯುವುದಿಲ್ಲ. ಆದರೆ ಬೇಗ ಗಟ್ಟಿಯಾಗುತ್ತದೆ, ಚೂರು ಚೂರೇ ಕಲಸಿ, ಟೈಲ್ ಮೇಲೆ ಬಿದ್ದದ್ದನ್ನು ಆಗಲೇ ಒರೆಸಿ. ಕಟ್ಟೆಗೂ ಟೈಲ್‌ಗೂ ನಡುವಿನ ಸಂದಿಗೆ ಗ್ರೌಟ್ ಬೇಡ, ಬಿರಿಯುತ್ತದೆ, ಸಿಲಿಕೋನ್ ಹಾಕಿ. ಕೊನೆಗೆ ಆಸಿಡ್ ಹಾಕಿ ತೊಳೆಯಿರಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಸಿಮೆಂಟ್ ಗ್ರೌಟನ್ನು ಅದು ತಿಂದು ಹಾಕುತ್ತದೆ.

ನೆಲಕ್ಕೂ ಇದೇ ರೀತಿ, ನಡುವಿನಿಂದಲೇ ಶುರು. ಎರಡು ದಾರ ಅಡ್ಡಡ್ಡ ಕಟ್ಟಿ, ಒಂದರ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಮಾಡಿ. ಗುರುತುಗಳ ನಡುವೆ ಸರಿಯಾಗಿ ಐದಡಿ ಬಂದರೆ ಮೂಲೆಮಟ್ಟ ಸರಿ ಇದೆ. ಬಾತ್‌ರೂಮ್ ಬೇಡ ಅಂದದ್ದಕ್ಕೆ ಕಾರಣ ನೀರು. ಟೈಲ್ ಕೆಳಗೆ ವಾಟರ್‌ಪ್ರೂಫಿಂಗ್ ಆಗಬೇಕು, ನೀರು ನಿಲ್ಲಿಸಿ ಒಂದೆರಡು ದಿನ ಸೋರುತ್ತದಾ ನೋಡಬೇಕು, ಎಂಟಡಿಗೆ ಸುಮಾರು ಒಂದಿಂಚು ಇಳಿಜಾರು ಜಾಲರಿ ಕಡೆಗೆ ಬರಬೇಕು. ಇದರಲ್ಲಿ ಒಂದು ತಪ್ಪಿದರೂ ಮುಚ್ಚಲು ಉಪ್ಪಿನಕಾಯಿ ಜಾಡಿ ಸಾಲುವುದಿಲ್ಲ.

ಉಳಿದ ಟೈಲ್ಸ್ ಅಟ್ಟಕ್ಕೆ ಹಾಕಿಡಿ, ಬ್ಯಾಚ್ ನಂಬರ್ ಇರುವ ರಟ್ಟಿನ ತುಂಡನ್ನೂ ಹರಿದು ಜೊತೆಗೇ ಇಡಿ.