ಕಾರಿನ ಗೀರು: ಎರಡು ಹೋದವು, ಒಂದು ಮಾಸಿತು, ಒಂದನ್ನು ನಾನೇ ಕೆಡಿಸಿದೆ

ಹೋದ ವರ್ಷ ಆಯುಧ ಪೂಜೆಯ ಹಿಂದಿನ ದಿನ ಕಾರು ತೊಳೆಯುತ್ತಿದ್ದೆ. ನಮ್ಮದು 2015ರ ವ್ಯಾಗನ್‌ಆರ್, ಬೆಳ್ಳಿ ಬಣ್ಣ. ಬೆಳ್ಳಿ ಬಣ್ಣದ ಗಾಡಿಯ ಒಂದು ಗುಣ ಅಂದರೆ ಧೂಳಿದ್ದರೂ ಎದ್ದು ಕಾಣುವುದಿಲ್ಲ, ಗೀರಿದ್ದರೂ ಎದ್ದು ಕಾಣುವುದಿಲ್ಲ. ಚೆನ್ನಾಗಿ ತೊಳೆದು ಒರೆಸಿದ ದಿನ ಮಾತ್ರ ಎಲ್ಲಾ ಬಯಲಾಗುತ್ತದೆ. ಹಿಂದಿನ ಎಡ ಬಾಗಿಲಲ್ಲಿ ಒಂದು ಗೇಣುದ್ದದ ಗೀರು. ಅದು ನಮ್ಮ ಮನೆ ಗೇಟಿನ ಅಗುಳಿಯ ಕೆಲಸ, ಗಾಳಿಗೆ ಗೇಟು ತಿರುಗಿ ಬಡಿದಿತ್ತು. ಹಿಂದಿನ ಬಂಪರಿನ ಮೂಲೆಯಲ್ಲಿ ಯಾವುದೋ ಸ್ಕೂಟರ್ ಸವರಿಕೊಂಡು ಹೋದ ಕೆಂಪು ಪಟ್ಟೆ. ಡ್ರೈವರ್ ಬಾಗಿಲಿನ ಹಿಡಿಯ ಹಿಂದೆ ಉಗುರು ತಾಗಿ ತಾಗಿ ಆದ ಕೂದಲೆಳೆ ಗೆರೆಗಳು.

ಇನ್ನು ಬಾನೆಟ್ ಮೇಲಿನದ್ದು ನನ್ನದೇ ತಪ್ಪು. ಅದರ ಹಿಂದಿನ ವರ್ಷ ಪೂಜೆ ಮುಗಿದ ಮೇಲೆ ಒಣಗಿದ್ದ ವಿಭೂತಿ, ಗಂಧವನ್ನು ಒಣಬಟ್ಟೆಯಲ್ಲಿ ಜೋರಾಗಿ ತಿಕ್ಕಿ ತೆಗೆದಿದ್ದೆ. ಮೂರು ಪಟ್ಟೆ ವಿಭೂತಿ ಹೋಗಿ ಮೂವತ್ತು ಪಟ್ಟೆ ಗೀರು ಉಳಿದಿತ್ತು.

ಟಿಂಕರಿಂಗ್ ಶೆಡ್ಡಿಗೆ ಹೋಗಿ ಕೇಳಿದೆ. ಅವರು ಲೆಕ್ಕ ಹಾಕುವುದು ಪ್ಯಾನಲ್ ಮೇಲೆ, ಅಂದರೆ ಬಾಗಿಲು, ಬಾನೆಟ್‌ನಂಥ ಒಂದೊಂದು ಭಾಗಕ್ಕೆ ಇಷ್ಟು ಅಂತ. ಗೀರು ಒಂದಿಂಚಿರಲಿ, ಒಂದಡಿ ಇರಲಿ, ಬಾಗಿಲಿಗೆ ಪೂರ್ತಿ ಬಣ್ಣ ಹೊಡೆಯಬೇಕು. ಪ್ಯಾನಲ್‌ಗೆ 3,000, ಒಟ್ಟು ನಾಲ್ಕು ಪ್ಯಾನಲ್. ಇನ್ಶೂರೆನ್ಸ್ ಹಾಕಿ ಅಂತ ಸ್ನೇಹಿತರು ಹೇಳಿದರು. ಆದರೆ ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡಿಸಿಕೊಂಡಿದ್ದೇನೆ. ಒಂದು ಸಣ್ಣ ಕ್ಲೇಮ್ ಹಾಕಿದರೂ ಅದು ಸೊನ್ನೆಗೆ ಬಂದುಬಿಡುತ್ತದೆ. ಗೀರಿಗೋಸ್ಕರ ಅಷ್ಟು ಕಳೆದುಕೊಳ್ಳುವುದು ಯಾಕೆ ಅನ್ನಿಸಿತು. ನಾನೇ ಕೈ ಹಾಕೋಣ ಅಂದುಕೊಂಡೆ.

ಕೈ ಹಾಕುವ ಮುಂಚೆ ಒಂದು ವಿಷಯ ತಲೆಗೆ ಹೋಗಬೇಕಿತ್ತು, ಅದು ನನಗೆ ಸ್ವಲ್ಪ ತಡವಾಗಿಯೇ ಹೋಯಿತು. ಗೀರನ್ನು ಯಾರೂ ‘ತೆಗೆಯುವುದಿಲ್ಲ’. ಗೀರು ಅಂದರೆ ಗುಂಡಿ. ಗುಂಡಿಯನ್ನು ತೆಗೆಯುವುದು ಹೇಗೆ? ಒಂದೋ ಅದರ ಸುತ್ತಲಿನ ನೆಲವನ್ನು ತಗ್ಗಿಸಬೇಕು, ಇಲ್ಲಾ ಗುಂಡಿಯನ್ನು ತುಂಬಬೇಕು. ಉಜ್ಜಿದಾಗಲೆಲ್ಲ ನಾವು ಮಾಡುವುದು ಮೊದಲನೆಯದು. ಅಂದರೆ ಚೆನ್ನಾಗಿರುವ ಬಣ್ಣವನ್ನೇ ಸವೆಸುತ್ತಿರುತ್ತೇವೆ.

ಆ ಬಣ್ಣ ಎಷ್ಟಿರುತ್ತದೆ ಅಂತೀರಾ? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಈ ನಾಲ್ಕೂ ಸೇರಿ ಹೆಚ್ಚುಕಡಿಮೆ ಒಂದು ಝೆರಾಕ್ಸ್ ಹಾಳೆಯ ದಪ್ಪ, 100ರಿಂದ 120 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು 40 ಮೈಕ್ರಾನ್ ಆಸುಪಾಸು. ಬಿಸಿಲನ್ನು ತಡೆಯುವುದೂ ಅದೇ. ಅದು ತೀರಾ ತೆಳುವಾದರೆ ಇವತ್ತು ಹೊಳೆದರೂ ಒಂದೆರಡು ವರ್ಷದಲ್ಲಿ ಬಿಸಿಲಿಗೆ ಸಿಪ್ಪೆ ಏಳುತ್ತದೆ. ಹಳೇ ಕಾರುಗಳ ಟಾಪ್ ಮೇಲೆ ಬಿಳಿ ಹೊಪ್ಪಳ ಎದ್ದಿರುವುದನ್ನು ನೋಡಿರುತ್ತೀರಿ, ಅದೇ.

ಹಾಗಾಗಿ ಯಾವ ಗೀರು ಎಷ್ಟು ಆಳ ಅಂತ ಮೊದಲು ನೋಡಿದೆ. ನೀರು ಚಿಮುಕಿಸಿದಾಗ ಗೀರು ಮಾಯವಾಗಿ, ಒಣಗಿದ ಮೇಲೆ ವಾಪಸ್ ಬಂದರೆ ಅದು ಕ್ಲಿಯರ್ ಕೋಟ್‌ನಲ್ಲೇ ಇದೆ ಅಂತ. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಆಳವಾಗಿದೆ, ಬರೀ ಉಜ್ಜಿದರೆ ಹೋಗುವುದಿಲ್ಲ. ಬಾನೆಟ್, ಹಿಡಿಯ ಜಾಗ ಎರಡೂ ನೀರಿಗೆ ಮಾಯವಾದವು. ಬಾಗಿಲಿನದ್ದು ಉಗುರಿಗೆ ಸಿಕ್ಕಿತು. ಒಳಗೆ ಬೂದು ಬಣ್ಣದ ಪ್ರೈಮರ್ ಕಾಣುತ್ತಿತ್ತು, ಒಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ತುಕ್ಕು.

ಹಲ್ಲಿನ ಪೇಸ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಹಿಂದೆ ನಮ್ಮ ಮಾರುತಿ 800ಕ್ಕೆ ಹಚ್ಚಿ ನೋಡಿದ್ದೆ. ಪೇಸ್ಟ್‌ನಲ್ಲಿ ಸಣ್ಣ ಪುಡಿ ಇರುವುದರಿಂದ ಸ್ವಲ್ಪ ಕೆಲಸ ಮಾಡುತ್ತದೆ ನಿಜ. ಆದರೆ ಅದು ಹಲ್ಲಿಗೆ ಮಾಡಿದ್ದು, ಕಾರಿಗಲ್ಲ. ಮುಕ್ಕಾಲು ಗಂಟೆ ತಿಕ್ಕಿದ್ದಕ್ಕೆ ಸಿಕ್ಕಿದ್ದು ಒಂದು ಮಂಕಾದ ವೃತ್ತ, ಜೊತೆಗೆ ಪುದೀನಾ ವಾಸನೆ. ಎಣ್ಣೆ ಸ್ಪ್ರೇ ಹೊಡೆದರೆ ಗೀರು ಹೋಗುತ್ತದೆ ಅನ್ನುವುದೂ ಅಷ್ಟೇ. ನೀರು ಹಾಕಿದರೆ ಮಾಯವಾಗುವ ಹಾಗೆ ಎಣ್ಣೆಗೂ ಮಾಯವಾಗುತ್ತದೆ, ಎರಡು ಸಲ ತೊಳೆದರೆ ಮತ್ತೆ ಹಾಜರ್.

ಸುಲಭದ್ದು ಮೊದಲು ಮುಗಿಸಿದೆ. ರಬ್ಬಿಂಗ್ ಕಾಂಪೌಂಡ್ (ಸಣ್ಣ ಪುಡಿ ಬೆರೆತ, ಬಣ್ಣ ಉಜ್ಜುವ ಪೇಸ್ಟ್), ಅದಕ್ಕಿಂತ ನಯವಾದ ಪಾಲಿಶ್, ಎರಡು ಸ್ಪಾಂಜ್ ಪ್ಯಾಡ್, ನಾಲ್ಕು ಮೈಕ್ರೋಫೈಬರ್ ಬಟ್ಟೆ ತಂದೆ. ಕಾರನ್ನು ನೆರಳಿಗೆ ಹಾಕಿ ಬಾನೆಟ್ ತಣ್ಣಗಾಗುವವರೆಗೆ ಕಾದೆ. ಬಿಸಿ ತಗಡಿನ ಮೇಲೆ ಕಾಂಪೌಂಡ್ ಹಾಕಿದರೆ ಅದು ಅಲ್ಲೇ ಒಣಗಿ ಹಿಡಿದುಕೊಳ್ಳುತ್ತದೆ. ಕಡಲೆಕಾಳಿನಷ್ಟು ಕಾಂಪೌಂಡ್, ಅಂಗೈ ಅಗಲದ ಜಾಗ, ಅತ್ತಿಂದಿತ್ತ ಇಪ್ಪತ್ತು ಮೂವತ್ತು ಸಲ, ಒರೆಸಿ ನೋಡುವುದು. ಬಾನೆಟ್ ಮುಗಿಯಲು ಒಂದು ಭಾನುವಾರದ ಬೆಳಗ್ಗೆ ಪೂರ್ತಿ ಹೋಯಿತು, ಭುಜ ಎರಡು ದಿನ ನೋಯಿತು. ಗೀರುಗಳಲ್ಲಿ ಮುಕ್ಕಾಲು ಪಾಲು ಹೋದವು. ಉಳಿದ ಕಾಲು ಪಾಲು ಬೇಕೆಂದೇ ಬಿಟ್ಟೆ. ಹಿಡಿಯ ಹಿಂದಿನ ಜಾಗಕ್ಕೆ ಪ್ಯಾಡ್ ಹೋಗುವುದಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೀ ಪಾಲಿಶ್‌ನಲ್ಲಿ ಉಜ್ಜಿದೆ. ಅದು ಪೂರ್ತಿ ಹೋಯಿತು.

ಬಂಪರಿನ ಕೆಂಪು ಪಟ್ಟೆ ನೋಡಲು ಭಯಂಕರವಾಗಿತ್ತು, ಆದರೆ ಐದೇ ನಿಮಿಷದ ಕೆಲಸ. ಅದು ನಮ್ಮ ಬಣ್ಣ ಕಿತ್ತುಹೋಗಿದ್ದಲ್ಲ, ಸ್ಕೂಟರಿನ ಬಣ್ಣ ನಮ್ಮದರ ಮೇಲೆ ಅಂಟಿದ್ದು. ಕಾಂಪೌಂಡ್‌ಗೆ ಎದ್ದು ಬಂತು. ಕೆಳಗೆ ಎರಡು ಸಣ್ಣ ಗೀರು ಮಾತ್ರ ಇತ್ತು. ಬಂಪರ್ ಪ್ಲಾಸ್ಟಿಕ್ ಅಲ್ವಾ, ತುಕ್ಕು ಹಿಡಿಯುವ ಭಯವಿಲ್ಲ. ಹಾಗೇ ಬಿಟ್ಟಿದ್ದೇನೆ.

ಬಾಗಿಲಿನದ್ದು ಮೂರು ವಾರ ತಿಂದಿತು.

ಬೇಕಾದ ಬಣ್ಣ ಯಾವುದು ಅಂತ ಕಾರೇ ಹೇಳುತ್ತದೆ. ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ, ಕೆಲವದರಲ್ಲಿ ಬಾಗಿಲ ಕಂಬದ ಮೇಲೆ ಕಂಪನಿಯ ಫಲಕ ಇರುತ್ತದೆ, ಅದರಲ್ಲಿ ಬಣ್ಣದ ಕೋಡ್. ನಮ್ಮದು ಝಡ್2ಎಸ್, ಸಿಲ್ಕಿ ಸಿಲ್ವರ್. ಆ ಕೋಡ್ ಹಿಡಿದು ಕಾರ್ ಪೇಂಟ್ ಅಂಗಡಿಗೆ ಹೋದರೆ ಕಂಪ್ಯೂಟರ್ ನೋಡಿ ಕಲೆಸಿ ಕೊಡುತ್ತಾರೆ. ನಾನು 100 ಎಂಎಲ್ ತಂದೆ, ಬಳಸಿದ್ದು ಎರಡು ಚಮಚವೂ ಇಲ್ಲ. ಜೊತೆಗೆ ಸಣ್ಣ ಬಾಟಲಿ ಕ್ಲಿಯರ್, ಸ್ವಲ್ಪ ಪ್ರೈಮರ್, 1000, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ನಂಬರ್ ಹೆಚ್ಚಿದಷ್ಟೂ ನಯ).

ಮೊದಲು ತುಕ್ಕು. 1000ದ ಪೇಪರನ್ನು ಚೂಪಾಗಿ ಮಡಚಿ ಆ ಚುಕ್ಕೆಯನ್ನು ಮಾತ್ರ ಕೆರೆದೆ, ಬಿಳಿ ತಗಡು ಕಾಣುವವರೆಗೆ. ತುಕ್ಕಿನ ಮೇಲೆ ಬಣ್ಣ ಹಚ್ಚಿದರೆ ಅದು ಕೆಳಗೇ ಹರಡಿಕೊಂಡು ಮುಂದಿನ ಮಳೆಗಾಲಕ್ಕೆ ಗುಳ್ಳೆಯಾಗಿ ಏಳುತ್ತದೆ. ಆಮೇಲೆ ಜಿಡ್ಡು ಒರೆಸಬೇಕು. ಕರೋನಾ ಕಾಲದ ಸ್ಯಾನಿಟೈಸರ್ ಅರ್ಧ ಬಾಟಲಿ ಮನೆಯಲ್ಲಿತ್ತು, ಆಲ್ಕೋಹಾಲ್ ತಾನೇ ಅಂತ ಅದರಲ್ಲೇ ಒರೆಸಿದೆ. ಪ್ರೈಮರ್ ಹಚ್ಚಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಸರಿಯಿತು! ಕೈ ಒರಟಾಗಬಾರದು ಅಂತ ಸ್ಯಾನಿಟೈಸರಿಗೆ ಗ್ಲಿಸರಿನ್ ಹಾಕಿರುತ್ತಾರೆ, ಅದು ಪೊರೆಯ ಹಾಗೆ ಉಳಿದಿತ್ತು. ಎಲ್ಲಾ ಒರೆಸಿ ತೆಗೆದು, ಮೆಡಿಕಲ್ ಶಾಪಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು ಮತ್ತೆ ಶುರು ಮಾಡಿದೆ.

ಬಣ್ಣ ಹಚ್ಚಲು ಅಂಗಡಿಯವರು ಕೊಟ್ಟ ಬ್ರಷ್ ಗೀರಿಗಿಂತ ನಾಲ್ಕು ಪಟ್ಟು ದಪ್ಪ. ಅದನ್ನು ಬದಿಗಿಟ್ಟು ಹಲ್ಲುಕಡ್ಡಿ ತೆಗೆದುಕೊಂಡೆ. ಕಡ್ಡಿಯ ತುದಿಯಲ್ಲಿ ಬಣ್ಣ ಅದ್ದಿ, ಗೆರೆ ಎಳೆಯದೆ, ರಂಗೋಲಿ ಚುಕ್ಕಿಯ ಹಾಗೆ ಒಂದರ ಪಕ್ಕ ಒಂದು ಇಟ್ಟುಕೊಂಡು ಹೋದರೆ ಬಣ್ಣ ತಾನೇ ಗೀರಿನೊಳಗೆ ಹರಿದು ಸೇರಿಕೊಳ್ಳುತ್ತದೆ. ಬಾಟಲಿಯನ್ನು ಆಗಾಗ ಅಲ್ಲಾಡಿಸುತ್ತಿರಬೇಕು. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಹುಡಿ ಇರುತ್ತದೆ, ಅದು ತಳಕ್ಕೆ ಕೂರುತ್ತದೆ. ಈ ಹುಡಿಯಿಂದಲೇ ಬೆಳ್ಳಿ ಬಣ್ಣಕ್ಕೆ ಟಚಪ್ ಮಾಡುವುದು ಕಷ್ಟ. ಫ್ಯಾಕ್ಟರಿಯಲ್ಲಿ ಸ್ಪ್ರೇ ಮಾಡಿದಾಗ ಆ ಚೂರುಗಳು ಚಪ್ಪಟೆಯಾಗಿ ಮಲಗುತ್ತವೆ. ಕಡ್ಡಿಯಲ್ಲಿ ಇಟ್ಟಾಗ ಅಡ್ಡಾದಿಡ್ಡಿ ನಿಲ್ಲುತ್ತವೆ. ಅದೇ ಕೋಡಿನ ಬಣ್ಣವಾದರೂ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ. ಬಿಳಿಯಂಥ ಸಾದಾ ಬಣ್ಣದ ಕಾರಿನವರು ಪುಣ್ಯವಂತರು.

ಒಣಗಿದ ಮೇಲೆ ಬಣ್ಣ ಕುಗ್ಗುತ್ತದೆ. ತುಂಬಿದೆ ಅಂದುಕೊಂಡಿದ್ದ ಗೀರು ಮಾರನೇ ದಿನ ಮತ್ತೆ ಕಾಲುವೆಯ ಹಾಗೆ ತಗ್ಗಿತ್ತು. ದಿನಾ ಸಂಜೆ ಆಫೀಸಿನಿಂದ ಬಂದು ಒಂದು ಸುತ್ತು ಚುಕ್ಕಿ ಇಡುತ್ತಿದ್ದೆ. ಬಣ್ಣ ಮೂರು ಸುತ್ತು, ಕ್ಲಿಯರ್ ನಾಲ್ಕು ಸುತ್ತು. ಗೇಟಿನ ಹತ್ತಿರ ಮೊಬೈಲ್ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತ ನನ್ನನ್ನು ನೋಡಿ ಎದುರುಮನೆಯ ಅಜ್ಜಿ, ‘ಏನು ಕಳ್ಕೊಂಡ್ಯೋ?’ ಅಂತ ಎರಡು ದಿನ ಕೇಳಿದರು. ಮೂರನೇ ದಿನ ಕೇಳಲಿಲ್ಲ. ನಡುವೆ ಒಂದು ಸಂಜೆ ಮಳೆ ಹನಿದು ಗಾಳಿಯೆಲ್ಲ ತೇವವಾಗಿತ್ತು. ಆವತ್ತು ಹಚ್ಚಿದ ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾಯಿತು. ಅದನ್ನು ಒರೆಸಿ ಮಾರನೇ ದಿನ ಮತ್ತೆ ಹಚ್ಚಬೇಕಾಯಿತು. ಹಸಿ ಹವೆಯಲ್ಲಿ ಈ ಕೆಲಸ ಬೇಡ.

ಕೊನೆಗೆ ಕ್ಲಿಯರ್ ಕೋಟು ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಉಬ್ಬಿ ನಿಂತಿತು. ಹಾಗೇ ಬೇಕು. ಆಮೇಲೆ ಒಂದು ವಾರ ಮುಟ್ಟಲಿಲ್ಲ. ಫ್ಯಾಕ್ಟರಿಯ ಬಣ್ಣ ಒಲೆಯೊಳಗೆ 140 ಡಿಗ್ರಿ ಆಸುಪಾಸು ಬೆಂದು ಗಟ್ಟಿಯಾಗಿರುತ್ತದೆ. ನಮ್ಮದು ಬರೀ ಗಾಳಿಗೆ ಒಣಗುವುದು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಅವಸರಪಟ್ಟು ಉಜ್ಜಿದರೆ ಬಣ್ಣದ ಸಮೇತ ಕಿತ್ತು ಬರುತ್ತದೆ.

ವಾರ ಕಳೆದ ಮೇಲೆ ಉಬ್ಬನ್ನು ಮಟ್ಟ ಮಾಡಲು ಕೂತೆ. 2000ದ ಪೇಪರನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದೆರಡು ತೊಟ್ಟು ಕಾರ್ ಶಾಂಪೂ ಹಾಕಿ, ಒಂದು ರಬ್ಬರ್ ತುಂಡಿಗೆ ಸುತ್ತಿಕೊಂಡೆ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಕೆಳಗೆ ಹಳ್ಳ ಬೀಳುತ್ತದೆ. ಗೀರಿನ ಎರಡೂ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆ. ನೀರು ಹಾಕುತ್ತಾ ಹಗುರವಾಗಿ ನಾಲ್ಕೈದು ಸಲ, ಒರೆಸಿ ನೋಡುವುದು, ಮತ್ತೆ ನಾಲ್ಕೈದು ಸಲ. ಉಬ್ಬು ಇಳಿದ ಮೇಲೆ ಟೇಪ್ ಕಿತ್ತು 3000ದಲ್ಲಿ ಒಂದು ಕೈ. ಇಷ್ಟಾದ ಮೇಲೆ ಆ ಜಾಗ ಮಂಜು ಕವಿದ ಗಾಜಿನ ಹಾಗಾಗುತ್ತದೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ನನ್ನ ಹೆಂಡತಿ ಬಾಲ್ಕನಿಯಿಂದ ನೋಡಿ, ‘ರೀ, ಇದಕ್ಕೆ ಮುಂಚೆಯೇ ಚೆನ್ನಾಗಿತ್ತಲ್ರೀ’ ಅಂದಳು. ಕಾಂಪೌಂಡ್ ಹಾಕಿ ಹತ್ತು ನಿಮಿಷ ಉಜ್ಜಿದಾಗ ಮಂಜು ಕರಗಿ ಹೊಳಪು ವಾಪಸ್ ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲಾ ಸರಿಯಿತ್ತು. ಗೀರಿನ ತುದಿ ಬಾಗಿಲಿನ ಮಧ್ಯದ ಏಣಿನ (ತಗಡು ಮಡಚಿ ಎದ್ದ ಗೆರೆಯ) ಮೇಲೆ ಹಾದುಹೋಗಿತ್ತು. ಅಲ್ಲಿ ಚೂರು ಉಬ್ಬು ಉಳಿದಿತ್ತು. ಕೈ ಕುದುರಿದೆ ಅನ್ನುವ ಹುಮ್ಮಸ್ಸಿನಲ್ಲಿ ಟೇಪೂ ಇಲ್ಲದೆ 2000ದ ಪೇಪರನ್ನು ಮತ್ತೆ ತೆಗೆದುಕೊಂಡೆ. ಆರೇಳು ಸಲ ಎಳೆದಿರಬಹುದು. ಅಷ್ಟುಹೊತ್ತು ಹಾಲಿನ ಹಾಗೆ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಬಿಳಿ ನೀರು ಅಂದರೆ ಕ್ಲಿಯರ್ ಕೋಟ್ ಸವೆಯುತ್ತಿದೆ ಅಂತ. ಬೂದು ನೀರು ಅಂದರೆ ಅದು ಮುಗಿದು ಬೆಳ್ಳಿ ಬಣ್ಣವೇ ಬರುತ್ತಿದೆ ಅಂತ. ಒರೆಸಿ ನೋಡಿದರೆ ಏಣಿನ ಉದ್ದಕ್ಕೂ ಹೆಬ್ಬೆರಳಿನಷ್ಟು ಜಾಗ ಮಂಕು. ಎಷ್ಟು ಪಾಲಿಶ್ ಹಾಕಿದರೂ ಹೊಳೆಯಲಿಲ್ಲ.

ಟಿಂಕರಿಂಗ್ ಶೆಡ್ಡಿನ ಪೇಂಟರ್ ಅಣ್ಣನಿಗೆ ತೋರಿಸಿದೆ. ಅವರು ಬೆರಳಾಡಿಸಿ ನಕ್ಕರು. ‘ಏಣಿನ ಮೇಲೆ ಪೇಪರ್ ಹಾಕಿದ್ರಾ ಸಾರ್? ಅಲ್ಲಿ ಬಣ್ಣ ನಿಲ್ಲೋದೇ ಕಮ್ಮಿ. ನಾವು ಏಣಿಗೆ ಮೊದ್ಲು ಟೇಪ್ ಹಾಕಿಬಿಡ್ತೀವಿ, ಆಮೇಲೆ ಮಿಕ್ಕಿದ್ದು.’ ಏಣಿನ ಮೇಲೆ ಹಸಿ ಬಣ್ಣ ಎರಡೂ ಕಡೆ ಸರಿದು ತೆಳುವಾಗಿ ಕೂರುತ್ತದೆ. ಉಜ್ಜುವಾಗ ಕೈಯ ಭಾರವೆಲ್ಲ ಬೀಳುವುದೂ ಅದರ ಮೇಲೇ. ಆ ಮಂಕಿನ ಮೇಲೆ ಕ್ಲಿಯರ್ ಎರಡು ಸುತ್ತು ಸವರಿ ಹಾಗೇ ಬಿಟ್ಟೆ. ಹತ್ತಿರ ಬಂದು ನೋಡಿದರೆ ಉಗುರುಬಣ್ಣ ಹಚ್ಚಿದ ಹಾಗೆ ಕಾಣುತ್ತದೆ.

ವ್ಯಾಕ್ಸ್ ಹಚ್ಚಲು ಒಂದು ತಿಂಗಳು ಕಾದೆ. ಹೊಸ ಬಣ್ಣ ಪೂರ್ತಿ ಆರುವ ಮುಂಚೆ ವ್ಯಾಕ್ಸ್ ಮುಚ್ಚಿದರೆ ಒಳಗಿನ ತಿನ್ನರ್ ಹೊರಗೆ ಹೋಗಲು ದಾರಿ ಇರುವುದಿಲ್ಲ. ಒಟ್ಟು ಖರ್ಚು 1,900 ರೂಪಾಯಿ ಚಿಲ್ಲರೆ. ಅದರಲ್ಲಿ ಅರ್ಧ ಸಾಮಾನು ಇನ್ನೂ ಕಪಾಟಿನಲ್ಲಿದೆ.

ಬಾಗಿಲಿನ ಗೀರು ಎರಡು ಮಾರು ದೂರದಿಂದ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಪ್ಪು ದಾರದ ಹಾಗೆ ಕಾಣುತ್ತದೆ, ನನಗಂತೂ ಕಾಣುತ್ತದೆ. ಈ ಸಲದ ಪೂಜೆಗೆ ಬಾನೆಟ್ ಮೇಲೆ ಬಾಳೆಲೆ ಹಾಸಿ ಅದರ ಮೇಲೆ ವಿಭೂತಿ, ಗಂಧ ಇಟ್ಟೆವು. ಅಮ್ಮನಿಗೆ ಅಷ್ಟು ಇಷ್ಟವಾಗಲಿಲ್ಲ, ಆದರೂ ಏನೂ ಅನ್ನಲಿಲ್ಲ. ಬೆಳಗ್ಗೆ ಕಾರಿನ ಧೂಳನ್ನು ಒಣಬಟ್ಟೆಯಲ್ಲಿ ಹೊಡೆಯುವುದು ಬಿಟ್ಟಿದ್ದೇನೆ. ಗೇಟಿನ ಅಗುಳಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದೇನೆ. ತಂತಿಯ ತುದಿಯನ್ನು ಒಳಗೆ ಮಡಚಲು ಮರೆತಿದ್ದೆ, ಹೆಂಡತಿ ನೋಡಿ ಹೇಳಿದಳು.