ಮರೆವಿಗೊಂದು ಕಿರ್ದಿ: ದೀರ್ಘ ಕಾಯಿಲೆಯವರು ಕೆಲಸದಲ್ಲಿ ನೆನಪು ಕಾಯ್ದುಕೊಳ್ಳುವ ಬಗೆ

ಬೆಳಗಾವಿಯ ರವಿವಾರ ಪೇಟೆಯಲ್ಲಿ, ಬಾಗಲಕೋಟೆ ವಿಜಯಪುರದ ಬಜಾರಗಳಲ್ಲಿ ಹಳೇ ಪದ್ಧತಿಯ ದಿವಾನಜಿ, ಅಂದರೆ ಅಂಗಡಿಯ ಲೆಕ್ಕ ಬರೆಯುವವರು, ಯಾವ ಲೆಕ್ಕವನ್ನೂ ತಲೆಯಲ್ಲಿ ಹೊತ್ತು ತಿರುಗುವುದಿಲ್ಲ. ಕೊಟ್ಟದ್ದು ತಂದದ್ದು ಆ ಗಳಿಗೆಗೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ವಹಿಗೆ, ಇಳಿಯುತ್ತದೆ, ಆಮೇಲೆ ಬಾಬತ್ತುವಾರು ವಿಂಗಡಿಸಿ ಬರೆಯುವ ಖತಾವಣಿಗೆ ಹೋಗುತ್ತದೆ. ಹಾಗಂತ ಅವರಿಗೆ ನೆನಪು ಕಡಿಮೆ ಎಂದು ಯಾರೂ ಅನ್ನುವುದಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ ತೊಂದರೆ, ಸಂಧಿವಾತ, ಲೂಪಸ್, ಫಿಟ್ಸ್ ಇವನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ದುಡಿಯುವವರಿಗೆ "ತಲಿಗೆ ಮಂಜು ಕವಿದಂಗ ಆಗೇತಿ" ಅನಿಸಿದಾಗ ಬೇಕಾಗುವುದೂ ಇದೇ ಏರ್ಪಾಟು. ನೆನಪನ್ನು ಗಟ್ಟಿ ಮಾಡುವ ಕಸರತ್ತಿಗಿಂತ ನೆನಪಿನ ಹೊರೆ ಇಳಿಸುವ ಜಾಗ ಮುಖ್ಯ.

ಮೊದಲು ಮರೆವಿನ ಹೊತ್ತು ಹಿಡಿಯಿರಿ

ಮರೆವು ದಿನವಿಡೀ ಒಂದೇ ಸಮ ಇರುವುದಿಲ್ಲ. ಎರಡು ವಾರ, ಏನಾದರೂ ಮರೆತ ಪ್ರತಿ ಸಲ ಐದು ಸಂಗತಿ ಬರೆದಿಡಿ: ಎಷ್ಟು ಗಂಟೆ, ಏನು ಮರೆತಿತು, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆ, ಕೊನೆಯ ಊಟ ಯಾವಾಗ, ಯಾವ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು. ಹದಿನೈದು ದಿನದಲ್ಲಿ ಒಂದು ಜಾಡು ಕಾಣಿಸಿಕೊಳ್ಳುವುದು ಹೆಚ್ಚು.

ಉದಾಹರಣೆಗೆ, ಬೆಳಿಗ್ಗೆ 7ಕ್ಕೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್, ಬಸ್ಸಿನ ಗಡಿಬಿಡಿಯಲ್ಲಿ ಅರ್ಧ ರೊಟ್ಟಿ, 11:30ಕ್ಕೆ ಲೆಕ್ಕ ತಪ್ಪುವುದು, ಕೈ ಸಣ್ಣಗೆ ನಡುಗುವುದು. ಇದು ಮರೆವಲ್ಲ, ರಕ್ತದ ಸಕ್ಕರೆ ಇಳಿದಿರಬಹುದು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಹಾ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಏರಿದ ಮೇಲೆ ಊಟ ಮಾಡಿ. ಕೈಗೆ ಸಿಕ್ಕಿತೆಂದು ಕುಂದಾ ಅಥವಾ ಗೋಕಾಕದ ಕರದಂಟು ಬಾಯಿಗೆ ಹಾಕಿಕೊಂಡರೆ ಕೆಲಸ ಆಗುವುದಿಲ್ಲ. ತುಪ್ಪ, ಗೋಡಂಬಿ, ಖೋವಾ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತವೆ. ಕೆಲಸದ ಜಾಗದಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ಇರಲಿ, ಅದು ಎಲ್ಲಿದೆಯೆಂದು ಪಕ್ಕದವರಿಗೂ ಗೊತ್ತಿರಲಿ.

ಮಾತ್ರೆಗಳ ಕಡೆಗೂ ಕಣ್ಣು ಹಾಯಿಸಿ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮತ್ತು ಅಮಿಟ್ರಿಪ್ಟಿಲಿನ್ ಮಂಪರು ತರಬಲ್ಲವು. ಫಿಟ್ಸಿಗೆ ಕೊಡುವ ಟೊಪಿರಮೇಟ್ ತೆಗೆದುಕೊಳ್ಳುವ ಕೆಲವರಿಗೆ ಬಾಯಿಗೆ ಬರಬೇಕಾದ ಶಬ್ದವೇ ತಪ್ಪಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ವಿಟಮಿನ್ ಇಳಿಯಬಹುದು, ಸಸ್ಯಾಹಾರಿಗಳಿಗೆ ಈ ಭಯ ಇನ್ನೂ ಜಾಸ್ತಿ. ಥೈರಾಯ್ಡ್ ಮಾತ್ರೆಯನ್ನು ಚಹಾದ ಜೊತೆ ನುಂಗುವುದು ನಮ್ಮ ಕಡೆ ಬಹಳ ಸಾಮಾನ್ಯ, ಅದು ತಪ್ಪು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು ಚಹಾಕ್ಕೆ ಅರ್ಧದಿಂದ ಒಂದು ತಾಸು ಕಾಯಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ತಾಸು ಅಂತರ ಬೇಕು. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದನ್ನೂ, ಮನಸ್ಸು ತಿಂಗಳುಗಟ್ಟಲೆ ಕುಗ್ಗಿದ್ದರೆ ಅದನ್ನೂ ಡಾಕ್ಟರ ಮುಂದೆ ಮುಚ್ಚಿಡಬೇಡಿ. ಎರಡೂ ನೆನಪನ್ನು ಕೆಡಿಸುತ್ತವೆ, ಎರಡಕ್ಕೂ ಚಿಕಿತ್ಸೆ ಇದೆ.

ಈ ಎರಡು ವಾರದ ಹಾಳೆ ಮತ್ತು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಬಿ12, ಸೋಡಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ಕೇಳಿ. ಮಂಪರಿನ ಮಾತ್ರೆಯನ್ನು ರಾತ್ರಿಗೆ ಸರಿಸಬಹುದೇ ಎಂದೂ ಕೇಳಿ. ನೀವಾಗಿಯೇ ಯಾವುದನ್ನೂ ಬಿಡಬೇಡಿ. ಫಿಟ್ಸ್ ಮಾತ್ರೆ ಮತ್ತು ಸ್ಟೆರಾಯ್ಡ್ ತಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಗೊಂದಲ ಒಮ್ಮೆಲೇ ಶುರುವಾಗಿ, ಮಾತು ತೊದಲಿ, ಬಾಯಿ ಓರೆಯಾಗಿ, ಒಂದು ಕೈ ಬಲ ಕಳೆದುಕೊಂಡರೆ ಹಾಳೆಯಲ್ಲಿ ಬರೆಯುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಒಂದೇ ವಹಿ

ಅಂಗಿಯ ಕಿಸೆಗೆ ಅಥವಾ ಪರ್ಸಿಗೆ ಹಿಡಿಯುವಷ್ಟು ಸಣ್ಣ ವಹಿ ತೆಗೆದುಕೊಳ್ಳಿ. ಪೆನ್ಸಿಲನ್ನು ದಾರದಿಂದ ಅದಕ್ಕೇ ಕಟ್ಟಿ. ಪೆನ್ನು ಹುಡುಕುವ ಅರ್ಧ ನಿಮಿಷದಲ್ಲೇ ಹೇಳಿದ ಮಾತು ಹಾರಿಹೋಗಿರುತ್ತದೆ.

ಎಡಪುಟ ಕಿರ್ದಿ. ಬಂದ ಮಾತೆಲ್ಲ ಬಂದ ಕ್ರಮದಲ್ಲೇ ಅಲ್ಲಿ ಬೀಳಬೇಕು: ಹೊತ್ತು, ಯಾರು ಹೇಳಿದರು, ಏನು ಮಾಡಬೇಕು, ಯಾವಾಗಿನೊಳಗೆ. "10:20, ಸ್ಟೋರ್ ಸಾಹೇಬ್ರು, 6 ಇಂಚಿನ ಫ್ಲ್ಯಾಂಜ್ 40, ಬುಧವಾರ ಮಧ್ಯಾಹ್ನ." ಬರೆದ ಮೇಲೆ ಎದುರಿನವರಿಗೆ ಓದಿ ಹೇಳಿ: "ಇಷ್ಟ ಬರಕೊಂಡೇನ್ರಿ, ಬರೋಬರ್ ಐತೇನ್ರಿ?" ಈ ಒಂದು ಮಾತನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೇಳಿಸಿಕೊಳ್ಳುವಾಗ ಆದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಹೇಳಿದವರೂ ತಾವು ಮರೆತದ್ದನ್ನು ಆಗಲೇ ಸೇರಿಸುತ್ತಾರೆ.

ಬಲಪುಟ ಖತಾವಣಿ. ಪಾಳಿ ಮುಗಿಯುವ ಹತ್ತು ನಿಮಿಷ ಮೊದಲು ಎಡಪುಟ ನೋಡಿ, ನಾಳೆಯ ಕೆಲಸವನ್ನು ಗಂಟೆ ಸಮೇತ ಬಲಪುಟಕ್ಕೆ ಇಳಿಸಿ. ತಲೆ ಖರ್ಚಾಗುವ ಕೆಲಸ ಮೂರಕ್ಕಿಂತ ಹೆಚ್ಚು ಬೇಡ. ನಿಮ್ಮ ಎರಡು ವಾರದ ಹಾಳೆ ಯಾವ ಹೊತ್ತು ತಿಳಿಯೆಂದು ಹೇಳಿದೆಯೋ ಆ ಹೊತ್ತಿಗೆ ಅವನ್ನು ಹಾಕಿ. ಏಪ್ರಿಲ್, ಮೇ ಬಿಸಿಲಿನಲ್ಲಿ ವಿಜಯಪುರದ ಕಡೆ 40 ಡಿಗ್ರಿ ದಾಟುವಾಗ ಮಧ್ಯಾಹ್ನ ಎರಡರ ಮೇಲೆ ಸ್ಟಾಕ್ ತಾಳೆ ಹಾಕಲು ಕೂರುವುದು ತಪ್ಪನ್ನು ಕರೆದಂತೆ. ನೀರು, ಮಜ್ಜಿಗೆ ಹತ್ತಿರವಿರಲಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದ ಅಳತೆ ಮೀರಬಾರದು.

ವಹಿ ಸೋಲುವುದು ಹೆಚ್ಚಾಗಿ ಎರಡು ಕಡೆ. ಒಂದು, ವಹಿ ಎರಡಾಗುವುದು: ಒಂದಿಷ್ಟು ಫೋನಿನಲ್ಲಿ, ಒಂದಿಷ್ಟು ಅಂಗೈ ಮೇಲೆ, ಒಂದಿಷ್ಟು ಹಳೇ ಬಿಲ್ಲಿನ ಹಿಂದೆ. ಆಗ ಎಲ್ಲಿ ಬರೆದೆ ಎಂಬುದನ್ನೇ ನೆನಪಿಡಬೇಕಾಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಬಂದ ಕೆಲಸವೂ ವಹಿಗೆ ಇಳಿಯಲೇಬೇಕು. ಮೇಲೆ ನಲವತ್ತು ಶುಭೋದಯ ಬಿದ್ದರೆ ಅದು ಕಾಣದಂತಾಗುತ್ತದೆ. ಇನ್ನೊಂದು, "ಆಮ್ಯಾಲೆ ಬರೀತೀನಿ" ಎಂಬ ಮಾತು. ಆಮೇಲೆ ಬರೆಯುವಷ್ಟು ನೆನಪಿದ್ದರೆ ವಹಿಯೇ ಬೇಕಿರಲಿಲ್ಲ.

ನಡುವೆ ಕರೆದಾಗ

ಕೆಲಸ ಹೆಚ್ಚು ಕೆಡುವುದು ಅರ್ಧಕ್ಕೆ ಎದ್ದು ಹೋಗಿ ಬಂದಾಗ. ಯಾರೇ ಕರೆಯಲಿ, "ಒಂದ ನಿಮಿಷ ರೀ" ಎಂದು ಹೇಳಿ, ಎಲ್ಲಿಗೆ ನಿಲ್ಲಿಸಿದಿರಿ ಎಂಬ ಗುರುತು ಹಾಕಿಯೇ ಏಳಿ. ಲೆಕ್ಕದ ಸಾಲಿಗೆ ಪೆನ್ಸಿಲ್ ಗೀಟು, ಎಣಿಸಿದ ನೋಟಿನ ಕಟ್ಟಿನ ಮೇಲೆ ಮೊತ್ತ ಬರೆದ ಚೀಟಿ, ಅರ್ಧ ಬಿಗಿದ ಬೋಲ್ಟಿನ ಮೇಲೆ ಸೀಮೆಸುಣ್ಣದ ಗೆರೆ.

ಒಂದೇ ಕೆಲಸ ಮತ್ತೆ ಮತ್ತೆ ಬರುವ ಕಡೆ ಎಣಿಕೆಯನ್ನು ವಸ್ತುವಿಗೆ ಒಪ್ಪಿಸಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ (ಲೋಹ ಕರಗಿಸಿ ಅಚ್ಚು ಹೊಯ್ಯುವ ಕಾರ್ಖಾನೆಯಲ್ಲಿ) ಕುಲುಮೆಗೆ ಹನ್ನೆರಡು ಸಲ ಮಾಲು ಹಾಕಬೇಕೆಂದುಕೊಳ್ಳಿ. ಎಡ ಡಬ್ಬಿಯಲ್ಲಿ ಹನ್ನೆರಡು ನಟ್ ಇಡಿ, ಒಮ್ಮೆ ಮಾಲು ಹಾಕಿದ ಮೇಲೆ ಒಂದು ನಟ್ ಬಲ ಡಬ್ಬಿಗೆ. ಯಾವಾಗಲೂ ಹಾಕಿದ ಮೇಲೆಯೇ. ಒಮ್ಮೆ ಮೊದಲು, ಒಮ್ಮೆ ಆಮೇಲೆ ಎಂದಾದರೆ ಡಬ್ಬಿಯೂ ಸುಳ್ಳು ಹೇಳುತ್ತದೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ, ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ದ್ರಾವಣ ಮಾಡುವವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. 100 ಲೀಟರ್ ನೀರಿಗೆ ಎರಡೂವರೆ ಕೆ.ಜಿ. ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಎಂಬ ಅಳತೆ ಬಾಯಿಪಾಠ ಇರುತ್ತದೆ, ಆದರೆ ಈ ಡ್ರಮ್ಮಿಗೆ ಎಣ್ಣೆ ಹಾಕಿದೆನೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಬೆಳಿಗ್ಗೆ ತಲೆ ತಿಳಿಯಾಗಿರುವಾಗಲೇ ಒಂದೊಂದು ಡ್ರಮ್ಮಿನ ಪುಡಿಯನ್ನು ಚೀಲಕ್ಕೂ ಎಣ್ಣೆಯನ್ನು ಬಾಟಲಿಗೂ ಅಳೆದು ಜೋಡಿ ಮಾಡಿಡಿ. ಹಾಕಿದ ಮೇಲೆ ಖಾಲಿ ಚೀಲ, ಖಾಲಿ ಬಾಟಲಿ ಆಯಾ ಡ್ರಮ್ಮಿನ ಮೇಲೆ. ಅನುಮಾನ ಬಂದರೆ ಡ್ರಮ್ಮಿನ ಮೇಲೆ ನೋಡಿ.

ತಲೆಗೆ ಮಂಜು ದಟ್ಟವಾಗಿ ಕವಿದ ದಿನ ಕುಲುಮೆ, ಕ್ರೇನ್, ಪವರ್ ಪ್ರೆಸ್, ವಾಹನ ಮುಟ್ಟಬೇಡಿ. ಬೇರೆ ಕೆಲಸ ಕೇಳಿ. ಇದರಲ್ಲಿ ಸಂಕೋಚ ಸಲ್ಲದು.

ಅಲಾರಂ ಬರೀ ಬಾರಿಸಿದರೆ ಸಾಲದು

ನಮ್ಮ ಅಜ್ಜಿಯರು ನೆನಪಿಗೆ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಏನೋ ಇದೆ ಎಂದು ಗಂಟು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. ಹೆಸರಿಲ್ಲದ ಅಲಾರಮ್ಮಿನದೂ ಅದೇ ಪಾಡು. ಪ್ರತಿ ಅಲಾರಂಗೆ ಹೆಸರು ಕೊಡಿ: "3:30, ಸ್ಟಾಕ್ ಹಾಳೆ ಸಾಹೇಬರ ಟೇಬಲ್ ಮೇಲೆ ಇಡು." ಹತ್ತು ನಿಮಿಷ ಮೊದಲು ಒಂದು, ಹೊತ್ತಿಗೆ ಸರಿಯಾಗಿ ಇನ್ನೊಂದು. ಕುಳಿತಲ್ಲೇ ಬಂದ್ ಮಾಡಬೇಡಿ. ಎದ್ದು ನಿಂತು, ಹೆಸರು ಓದಿ ಬಂದ್ ಮಾಡಿ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಸದ್ದಿನಲ್ಲಿ ಗಂಟೆ ಕೇಳಿಸುವುದಿಲ್ಲ, ಅಂಥಲ್ಲಿ ಫೋನು ವೈಬ್ರೇಶನ್‌ನಲ್ಲಿ ಎದೆಕಿಸೆಯಲ್ಲಿರಲಿ. ದಿನಕ್ಕೆ ಆರಕ್ಕಿಂತ ಹೆಚ್ಚು ಅಲಾರಂ ಇಟ್ಟರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮಾತ್ರೆಗೆ ಏಳು ದಿನದ ಖಾನೆಗಳ ಡಬ್ಬಿ ಸಾಕು, ರವಿವಾರ ತುಂಬಿಸಿ. ನುಂಗಿದೆನೋ ಇಲ್ಲವೋ ಎಂದು ಖಾನೆಯೇ ಹೇಳುತ್ತದೆ. ನೆನಪಿಲ್ಲವೆಂದು ಎರಡನೇ ಸಲ ನುಂಗುವ ಅಪಾಯ ಇದರಿಂದ ತಪ್ಪುತ್ತದೆ.

ಮೇಲಿನವರಿಗೆ ಹೇಳುವುದು

ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ತೊಂದರೆ ಒಂದು ಸಾಲು, ಬೇಕಾದದ್ದು ಒಂದು ಸಾಲು ಹೇಳಿ: "ಆರಾಮ ಇಲ್ಲದ್ದಕ್ಕ ಬಾಯಿಮಾತು ನೆನಪ ಉಳಿಯೂದಿಲ್ರಿ. ಕೆಲಸ ಚೀಟಿ ಮ್ಯಾಲೆ ಬರದ ಕೊಟ್ರ ತಪ್ಪೂದಿಲ್ರಿ." ತಪ್ಪಾಗಿ ಬೈಸಿಕೊಂಡ ದಿನವೇ ಹೇಳಿದರೆ ಅದು ನೆವದಂತೆ ಕೇಳಿಸುತ್ತದೆ, ಕೆಲಸ ಸುಸೂತ್ರ ನಡೆದಿರುವ ದಿನ ಹೇಳಿ. ಒಪ್ಪಿದ್ದನ್ನು ಅದೇ ದಿನ ಮೆಸೇಜಿನಲ್ಲಿ ಬರೆದು ಕಳಿಸಿ.

ಕಾನೂನಿನ ಆಸರೆ ಯಾರಿಗಿದೆ ಎಂಬುದೂ ಗೊತ್ತಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ ಅಂಗವೈಕಲ್ಯದ 21 ವರ್ಗಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಇತರ ದೀರ್ಘಕಾಲದ ನರರೋಗಗಳು ಸೇರಿವೆ; ಸಕ್ಕರೆ ಕಾಯಿಲೆ, ಥೈರಾಯ್ಡ್ ಆ ಪಟ್ಟಿಯಲ್ಲಿಲ್ಲ. ಪಗಾರದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಿರುವವರಿಗೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಸತತ ಕೆಲಸದ ಷರತ್ತಿನ ಮೇಲೆ, ಶೇ. 80ರಂತೆ ಮುಂದುವರಿಯುತ್ತದೆ. ರಜೆ ಬಿದ್ದ ಮೊದಲ ದಿನದಿಂದಲೇ ಡಾಕ್ಟರ ಪ್ರಮಾಣಪತ್ರ ಮಾಡಿಸಿ.

ವಹಿ ತುಂಬಿದಾಗ ಹೊಸದರ ಮೊದಲ ಪುಟಕ್ಕೆ ಮಾತ್ರೆಗಳ ಹೆಸರು ಮತ್ತು ಅಳತೆ, ರಕ್ತದ ಗುಂಪು, ಮನೆಯ ಫೋನ್ ನಂಬರ್ ಬರೆಯಿರಿ. ಎರಡನೇ ಪುಟಕ್ಕೆ ಹಳೆಯದರಲ್ಲಿ ಬಾಕಿ ಉಳಿದ ಕೆಲಸ. ಹಳೇ ವಹಿ ಬಿಸಾಕಬೇಡಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಅದೇ ತಿಂಗಳುಗಳ ಪುಟಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಮರೆವು ಹೆಚ್ಚಿದ ವಾರಗಳು ಯಾವುವೆಂದು ಡಾಕ್ಟರಿಗೆ ಬೆರಳಿಟ್ಟು ತೋರಿಸಬಹುದು.